ಪೆಟ್ರೋಲ್ ಉಂಟು, ಕಿಡಿ ಉಂಟು, ಮೆಷಿನ್ ಮಾತ್ರ ಸ್ಟಾರ್ಟ್ ಇಲ್ಲ

ಪ್ರಶ್ನೆ: ಮಳೆ ಬಿಟ್ಟ ಮೇಲೆ ತೋಟಕ್ಕೆಂದು ಹುಲ್ಲು ಹೆರೆಯುವ ಮೆಷಿನ್ ಹೊರಗೆ ತೆಗೆದೆವು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದೆ. ಹೊಸ ಪ್ಲಗ್ ಹಾಕಿದೆವು, ಕಿಡಿಯೂ ಬರುತ್ತದೆ. ಹಗ್ಗ ಎಳೆದೆಳೆದು ಭುಜ ನೋಯುತ್ತಿದೆ. ಏನು ಮಾಡಬೇಕು?

ಉತ್ತರ: ಆ ಅರ್ಧ ಟ್ಯಾಂಕ್ ಪೆಟ್ರೋಲನ್ನು ಪೂರ್ತಿ ಹೊರಗೆ ತೆಗೆಯಿರಿ. ಪ್ರತಿ ವರ್ಷ ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಕಳೆಯುವಾಗ ಬರುವ ಪ್ರಶ್ನೆ ಇದು, ಉತ್ತರವೂ ಪ್ರತಿ ವರ್ಷ ಇದೇ. ಹೇಳಿದ ಕೂಡಲೇ ಎದುರಿನಿಂದ ಬರುವ ಮಾತೂ ಬದಲಾಗಿಲ್ಲ: "ಪೆಟ್ರೋಲ್ ಹಾಳಾಗುವುದುಂಟಾ? ಅದೇನು ಹಾಲಾ?"

ಹಾಳಾಗುತ್ತದೆ. ಹಾಲಿನ ಹಾಗೆ ಒಡೆಯುತ್ತದೆ ಕೂಡ.

ಪೆಟ್ರೋಲ್ ಎಂದರೆ ಬೇಗ ಆವಿಯಾಗುವ ಹಗುರ ಅಂಶ, ನಿಧಾನಕ್ಕೆ ಆವಿಯಾಗುವ ಭಾರದ ಅಂಶ ಎರಡೂ ಸೇರಿದ ಮಿಶ್ರಣ. ತಣ್ಣಗಿರುವ ಇಂಜಿನ್ ಹೊತ್ತಿಕೊಳ್ಳುವುದು ಹಗುರ ಅಂಶದ ಬಲದಿಂದ. ಮೂರು ತಿಂಗಳು ನಿಂತರೆ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ನೋಡಲು ಪೆಟ್ರೋಲಿನ ಹಾಗೆಯೇ ಇರುತ್ತದೆ, ಆದರೆ ಮೂಸಿದರೆ ವಾರ್ನಿಷಿನ ವಾಸನೆ. ಅದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಕಾರ್ಬ್ಯುರೇಟರಿನ ಕೂದಲೆಳೆಯಷ್ಟು ಸಣ್ಣ ತೂತುಗಳಲ್ಲಿ ಅಂಟಾಗಿ ಕೂತುಬಿಡುತ್ತದೆ.

ಇದರ ಮೇಲೆ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲ್‌ನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಈಗ ಬಂಕಿನಲ್ಲಿ ನಮಗೆ ಸಿಗುವುದು ಅದೇ. ಆಟಿಯ ಮಳೆಯಲ್ಲಿ ಉಪ್ಪಿನ ಭರಣಿ ತಾನಾಗಿ ನೀರೊಡೆಯುವುದನ್ನು ನೋಡಿದ್ದೀರಲ್ಲ, ಎಥನಾಲ್ ಕೂಡ ಗಾಳಿಯ ತೇವವನ್ನು ಹಾಗೆಯೇ ಎಳೆದುಕೊಳ್ಳುತ್ತದೆ. ಹೀರಿದ್ದು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಜತೆಯಾಗಿ ಪೆಟ್ರೋಲ್ ಬಿಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ. ಮೆಷಿನ್ ಮೊದಲು ಕುಡಿಯುವುದು ಆ ನೀರನ್ನು.

ನಂಬಿಕೆ ಬಾರದಿದ್ದರೆ ಟ್ಯಾಂಕಿನದ್ದನ್ನು ಬಿಳಿ ಗಾಜಿನ ಬಾಟ್ಲಿಗೆ ಸುರಿದು, ಬೆಂಕಿಯಿಂದ ದೂರ, ಅರ್ಧ ಗಂಟೆ ಅಲುಗಾಡಿಸದೆ ಇಡಿ. ಒಡೆದಿದ್ದರೆ ತಳದಲ್ಲಿ ಒಂದು ಗೆರೆ ಕಾಣುತ್ತದೆ: ಮೇಲೆ ಎಣ್ಣೆಯ ಬಣ್ಣದ ಪೆಟ್ರೋಲ್, ಕೆಳಗೆ ಬಣ್ಣ ಕಡಿಮೆಯ ಇನ್ನೊಂದು ಪದರ. ಗೆರೆ ಕಾಣದಿದ್ದರೆ ಪೆಟ್ರೋಲ್ ಸರಿ ಇದೆ ಎಂದಲ್ಲ. ಹಗುರ ಅಂಶ ಹೋದದ್ದು ಕಣ್ಣಿಗೆ ಕಾಣುವುದಿಲ್ಲ.

"ಹಾಗಾದರೆ ಬೈಕ್ ಹೇಗೆ ಸ್ಟಾರ್ಟ್ ಆಗುತ್ತದೆ?" ಬೈಕಿನ ಟ್ಯಾಂಕ್ ದೊಡ್ಡದು. ಈಗಿನ ಬೈಕುಗಳಲ್ಲಿ ಪಂಪು ಒತ್ತಡದಿಂದ ಪೆಟ್ರೋಲ್ ಚಿಮುಕಿಸುತ್ತದೆ, ಬ್ಯಾಟರಿ ಬಿಡದೆ ತಿರುಗಿಸುತ್ತದೆ. ಇಲ್ಲಿ ನಿಮ್ಮ ಒಂದು ಎಳೆತಕ್ಕೆ ಇಂಜಿನ್ ಸುತ್ತುವುದು ಕೆಲವೇ ಸುತ್ತು. "ಮೇಲಿಂದ ಸ್ವಲ್ಪ ಹೊಸ ಪೆಟ್ರೋಲ್ ಹೊಯ್ದರೆ ಸಾಲದಾ?" ಸಾಲದು. ತಳದ ನೀರು ತಳದಲ್ಲೇ ಇರುತ್ತದೆ. ಇನ್ನು, ರಾಜ್ಯದ ಗಡಿ ದಾಟಿದರೆ ಲೀಟರಿಗೆ ಅಗ್ಗವೆಂದು ಮೇ ತಿಂಗಳಲ್ಲಿ ಕ್ಯಾನು ತುಂಬಿಸಿ ತಂದಿಟ್ಟರೆ, ನೀವು "ಹೊಸದು" ಎಂದು ಹೊಯ್ಯುವುದೂ ಹಳತೇ.

ಈಗ ಕೆಲಸ. ಟ್ಯಾಂಕ್ ಖಾಲಿ ಮಾಡಿ, ಒಂದಿಷ್ಟು ಹೊಸ ಪೆಟ್ರೋಲ್ ಹಾಕಿ ಕುಲುಕಿ ಅದನ್ನೂ ತೆಗೆಯಿರಿ. ತೆಗೆದದ್ದನ್ನು ತೋಡಿಗೆ, ಕೆರೆಗೆ ಚೆಲ್ಲಬೇಡಿ. ಬಗ್ಗಿಸಿದ ತಂತಿಯಿಂದ ಫಿಲ್ಟರನ್ನು ಹೊರಗೆಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ಹೊಸ ಪೆಟ್ರೋಲ್ (ಟೂ-ಸ್ಟ್ರೋಕ್ ಮೆಷಿನಾದರೆ ಎಣ್ಣೆ ಬೆರೆಸಿದ್ದು, ಅಳತೆ ಕೊನೆಯಲ್ಲಿದೆ) ತುಂಬಿಸಿ, ಅದನ್ನು ಕಾರ್ಬ್ಯುರೇಟರಿಗೆ ಎಳೆಯುವ ರಬ್ಬರ್ ಬಲ್ಬ್ ಹತ್ತು ಸಲ ಒತ್ತಿ. ಒತ್ತಿದ ಬಲ್ಬ್ ಮೇಲೇಳದೆ ಕುಗ್ಗಿಯೇ ನಿಂತರೆ ಎಲ್ಲೋ ಕಟ್ಟಿದೆ. ಬರೀ ಗುಳ್ಳೆಯೇ ಬರುತ್ತಿದ್ದರೆ ಪೈಪು ಒಡೆದಿದೆ.

ಚೋಕ್ (ಇಂಜಿನಿಗೆ ಹೋಗುವ ಗಾಳಿ ತಡೆಯುವ ಕದ) ಮುಚ್ಚಿ ಮೂರು–ಐದು ಸಲ ಎಳೆಯಿರಿ. ಒಮ್ಮೆ "ಡುಬ್" ಎಂದ ಕೂಡಲೇ ಚೋಕ್ ತೆರೆದು ಎಳೆಯಬೇಕು. ಆ ಸದ್ದು ಕೇಳಿಯೂ ಚೋಕ್ ಮುಚ್ಚಿಟ್ಟೇ ಎಳೆದರೆ ಪ್ಲಗ್ ಒದ್ದೆಯಾಗುತ್ತದೆ. ಆಗ ಪ್ಲಗ್ ಬಿಚ್ಚಿ, ಚೋಕ್ ತೆರೆದು, ಏಳೆಂಟು ಸಲ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಒರೆಸಿದ ಪ್ಲಗ್ ಹಾಕಿ. ಇಷ್ಟೆಲ್ಲ ಎಳೆದೂ ಪ್ಲಗ್ ಒಣಗಿಯೇ ಇದ್ದರೆ ದೋಷ ಕಾರ್ಬ್ಯುರೇಟರಿನಲ್ಲಿ: ತೂತು ಕಟ್ಟಿರಬಹುದು, ಇಲ್ಲವೇ ಒಳಗಿನ ತೆಳು ಪೊರೆ ಒಣಗಿದ ಹಾಳೆಯ ಹಾಗೆ ಸೆಟೆದಿರಬಹುದು. ಸ್ಪ್ರೇ ಹೊಡೆದು ತೊಳೆಯಿರಿ, ಪೊರೆಯ ಕಿಟ್ ಬದಲಿಸಿ. ತೂತಿಗೆ ತಂತಿ ಚುಚ್ಚಬೇಡಿ, ಒಮ್ಮೆ ದೊಡ್ಡದಾದ ತೂತು ಮತ್ತೆ ಸಣ್ಣದಾಗುವುದಿಲ್ಲ.

ಮುಂದಿನ ವರ್ಷ ಮಳೆಗೆ ಮೊದಲೇ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಅಟ್ಟಕ್ಕೇರಿಸಿ.

ಯಾರೂ ಕೇಳದಿದ್ದರೂ ಹೇಳಬೇಕಾದದ್ದು ಎಣ್ಣೆಯ ಅಳತೆ. ಟೂ-ಸ್ಟ್ರೋಕ್ ಮೆಷಿನಿಗೆ "ಒಂದು ಮುಚ್ಚಳ ಎಣ್ಣೆ" ಎಂಬ ಲೆಕ್ಕ ಇಲ್ಲ, ಒಂದೊಂದು ಬಾಟ್ಲಿಯ ಮುಚ್ಚಳ ಒಂದೊಂದು ಅಳತೆ. ಕಂಪನಿ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಎಂಎಲ್, 25:1 ಎಂದಿದ್ದರೆ 40 ಎಂಎಲ್. "ಜಾಸ್ತಿ ಹಾಕಿದರೆ ಇಂಜಿನಿಗೆ ಒಳ್ಳೆಯದು" ಎಂದು ಸುರಿದರೆ ಪ್ಲಗ್ ಮಸಿ ಹಿಡಿಯುತ್ತದೆ, ಸೈಲೆನ್ಸರಿನ ಜಾಲರಿ ಕಟ್ಟುತ್ತದೆ, ಮತ್ತೆ ಸ್ಟಾರ್ಟ್ ಇಲ್ಲ. ಫೋರ್-ಸ್ಟ್ರೋಕ್ ಮೆಷಿನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಲೇ ಬಾರದು, ಅದರ ಎಣ್ಣೆಗೆ ಬೇರೆಯೇ ಜಾಗ. ಉದಾಹರಣೆಗೆ ಹೋಂಡಾದ 35.8 ಸಿಸಿಯ ಜಿಎಕ್ಸ್35ಕ್ಕೆ ಹಿಡಿಯುವುದು 100 ಎಂಎಲ್. ಅಳತೆಗೆ ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜ್ ಸಾಕು. ಬೆರಕೆಯನ್ನು ಕ್ಯಾನಿನಲ್ಲೇ ಕುಲುಕಿ ಟ್ಯಾಂಕಿಗೆ ಹೊಯ್ಯಿರಿ, ಬೆರಸಿದ ದಿನಾಂಕವನ್ನು ಕ್ಯಾನಿನ ಮೇಲೆ ಬರೆದಿಡಿ, ಒಂದು ತಿಂಗಳೊಳಗೆ ಮುಗಿಸಿ.