ಅಸಲಿಗಿಂತ ವಾಸಿ ನಕಲು

ಕಂಪ್ಯೂಟರಿಗೆ ರೋಗ ಪತ್ತೆಹಚ್ಚುವುದನ್ನು ಕಲಿಸಬೇಕೆಂದರೆ ನುರಿತ ವೈದ್ಯರನ್ನು ಕೂರಿಸಿಕೊಂಡು ಕೇಳಿದರಾಯಿತು, ಅಲ್ವಾ? 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಸಿನ್ ಎಂಬ ಪ್ರೋಗ್ರಾಂ ಹುಟ್ಟಿದ್ದು ಹಾಗೆಯೇ. ಸೋಂಕುರೋಗ ತಜ್ಞರ ಬಾಯಿಂದ ‘ಹೀಗಿದ್ದರೆ ಹೀಗೆ’ ಎನ್ನುವ ನೂರಾರು ನಿಯಮಗಳನ್ನು ಹೊರಡಿಸಿ ಬರೆದುಕೊಂಡರು. ವರ್ಷಗಟ್ಟಲೆ ಹಿಡಿದ ಕೆಲಸ ಅದು. ಪಳಗಿದ ಕಣ್ಣು ಕಂಡದ್ದನ್ನು ಬಾಯಿ ಅಷ್ಟು ಸುಲಭವಾಗಿ ಹೇಳದು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ದಾರಿ. ಅಲ್ಲಿ ತಜ್ಞರನ್ನು ಏನೂ ಕೇಳುವುದಿಲ್ಲ. ಅವರ ತೀರ್ಪುಗಳನ್ನು ಸುಮ್ನೆ ನೋಡುತ್ತಾರೆ.

1970ರಲ್ಲಿ ಅಮೆರಿಕದ ಮನೋವಿಜ್ಞಾನಿ ಲೂಯಿಸ್ ಗೋಲ್ಡ್‌ಬರ್ಗ್ ಪ್ರಕಟಿಸಿದ ಲೆಕ್ಕ ಇದು. 861 ರೋಗಿಗಳು, 29 ಮಂದಿ ಮನೋವಿಜ್ಞಾನಿಗಳು (ಅವರಲ್ಲಿ ಕೆಲವರು ಇನ್ನೂ ತರಬೇತಿಯಲ್ಲಿದ್ದವರು). ಒಂದು ಪ್ರಶ್ನಾವಳಿಯಲ್ಲಿ ರೋಗಿಗೆ ಬಂದ 11 ಅಂಕಗಳನ್ನು ನೋಡಿ, ಸೈಕೋಸಿಸ್ಸೋ (ವಾಸ್ತವದ ಅರಿವೇ ತಪ್ಪುವ ಕಾಯಿಲೆ) ನ್ಯೂರೋಸಿಸ್ಸೋ (ಅರಿವು ತಪ್ಪದೆ ಆತಂಕ, ದುಗುಡ ಕಾಡುವ ಕಾಯಿಲೆ) ಎಂದು ಹೇಳಬೇಕು. ಗೋಲ್ಡ್‌ಬರ್ಗ್ ಒಬ್ಬೊಬ್ಬರ ತೀರ್ಪಿನಿಂದಲೂ ಒಂದೊಂದು ಸೂತ್ರ ತೆಗೆದರು. ಈ ಅಂಕಕ್ಕೆ ಇಷ್ಟು ತೂಕ, ಆ ಅಂಕಕ್ಕೆ ಅಷ್ಟು, ಎಲ್ಲ ಕೂಡಿಸಿ. ಅಷ್ಟೇ. ನಿಜವಾದ ರೋಗ ಯಾವುದೆಂದು ಸೂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಹೆಚ್ಚಿನವರ ಸೂತ್ರ ಅವರನ್ನೇ ಕೊಂಚ ಮೀರಿಸಿತು! ಶಿಷ್ಯ ಗುರುವಿನಿಂದಷ್ಟೇ ಕಲಿತು ಗುರುವಿಗಿಂತ ಹೆಚ್ಚು ಸರಿ ಹೇಳಿದ.

ಹೇಗೆ? ಮನುಷ್ಯ ಎಲ್ಲ ದಿನ ಒಂದೇ ತರ ಇರುವುದಿಲ್ಲ. ಬೆಳಿಗ್ಗೆ ಒಂದು ಲಕ್ಷಣಕ್ಕೆ ಕೊಟ್ಟ ತೂಕವನ್ನು ಸಂಜೆ ದಣಿದಾಗ ಕೊಡುವುದಿಲ್ಲ. ನಡುಗುವ ಕೈ ಎಳೆದ ಗೆರೆಯನ್ನು ನೋಡಿ. ಅಂಕುಡೊಂಕಾಗಿದ್ದರೂ ಅದು ಎತ್ತ ಹೊರಟಿದೆ ಎಂಬುದು ತಿಳಿಯುತ್ತದೆ. ಸೂತ್ರ ಆ ದಿಕ್ಕಿಗೆ ನೇರವಾಗಿ ಗೆರೆ ಎಳೆಯುತ್ತದೆ. ಅಲುಗಾಡುವ ತಕ್ಕಡಿಯಲ್ಲಿ ನೂರು ಸಲ ತೂಗಿ ಸರಾಸರಿ ತೆಗೆದ ಹಾಗೆ. ಗೊರಗೊರ ಎನ್ನುವ ರೇಡಿಯೋದಿಂದ ಹಾಡನ್ನಷ್ಟೇ ಸೋಸಿಕೊಂಡ ಹಾಗೆ. ಕೈಗುಣ, ಅಂತಃಪ್ರಜ್ಞೆ ಎಂದು ನಾವು ಪೂಜಿಸುವುದರಲ್ಲಿ ಈ ಗೊರಗೊರವೂ ಸೇರಿದೆ. ಇದನ್ನು ಒಪ್ಪಿಕೊಳ್ಳಲು ಜನ ಯಾಕೆ ಇಷ್ಟು ಹಿಂಜರಿಯುತ್ತಾರೋ!

ಆದರೆ ತಕ್ಕಡಿಯೇ ಒಂದು ಕಡೆಗೆ ವಾಲಿದ್ದರೆ? ಆ ವಾಲು ನಕಲಿಗೂ ಇಳಿಯುತ್ತದೆ. 1972ರ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವೈದ್ಯ ಡಿ ಡೊಂಬಾಲ್ ಅವರ ತಂಡ ಹೊಟ್ಟೆನೋವಿನ ಕಾರಣ ಪತ್ತೆಹಚ್ಚುವ ಪ್ರೋಗ್ರಾಂ ಒಂದರಲ್ಲಿ ಇದನ್ನು ಕಂಡಿತು. ಯಾವ ರೋಗದಲ್ಲಿ ಯಾವ ಲಕ್ಷಣ ಎಷ್ಟು ಸಲ ಬರುತ್ತದೆ ಎಂದು ವೈದ್ಯರು ಅಂದಾಜು ಹೇಳಿದಾಗ ಕಂಪ್ಯೂಟರ್ ಶೇ. 82ರಷ್ಟು ಸರಿ ಹೇಳಿತು. ಅದೇ ಅಂಕಿಗಳನ್ನು ನಿಜವಾದ ರೋಗಿಗಳ ದಾಖಲೆಯಿಂದ ಎಣಿಸಿ ಕೊಟ್ಟಾಗ ಅದು ಸುಮಾರು ಶೇ. 91ಕ್ಕೆ ಏರಿತು.