ಅರಿಜೋನಾ ಬಿಸಿಲಲ್ವಾ, ವೆಟ್‌ಸೂಟ್ ಯಾಕೆ?

ಪ್ರಶ್ನೆ: "ಮಾರ್ಚ್ ಕೊನೆಯಲ್ಲಿ ಆಫೀಸಿನ ಏಳು ಜನ ಸಾಲ್ಟ್ ನದಿಗೆ ರಾಫ್ಟಿಂಗ್ ಹೋಗ್ತಿದ್ದೇವೆ. ಎಲ್ಲರಿಗೂ ಈಜು ಬರುತ್ತೆ, ದಾಂಡೇಲಿಯಲ್ಲಿ ಒಂದ್ಸಲ ಮಾಡಿದ್ದೇವೆ. ವೆಟ್‌ಸೂಟಿಗೆ ಬೇರೆ ಬಾಡಿಗೆ ಅಂತೆ. ಮರುಭೂಮಿ ಅಲ್ವಾ, ಬೇಕೇ ಬೇಕಾ?"

ಬೇಕು. ಬೇಕೇ ಬೇಕು. (ವೆಟ್‌ಸೂಟ್ ಅಂದರೆ ತಣ್ಣೀರಲ್ಲೂ ಮೈ ಬೆಚ್ಚಗಿಡುವ, ಮೈಗಂಟುವ ರಬ್ಬರಿನಂಥ ಉಡುಪು.)

ಫೆಬ್ರವರಿ ಬಂತೆಂದರೆ ಅಮೆರಿಕದ ಅರಿಜೋನಾದಲ್ಲಿರುವ ಚಾಂಡ್ಲರ್, ಟೆಂಪೆ, ಫೀನಿಕ್ಸ್ ಕಡೆಯ ನಮ್ಮವರಿಂದ ಇದೇ ಪ್ರಶ್ನೆ. ಕೇಳುವವರ ಹೆಸರು ಬದಲಾಗುತ್ತದೆ, ಆ "ಮರುಭೂಮಿ ಅಲ್ವಾ" ಮಾತ್ರ ಬದಲಾಗುವುದಿಲ್ಲ. ಈ ಸಲ ಉದ್ದವಾಗಿಯೇ ಬರೆಯುತ್ತೇನೆ. ಮುಂದಿನ ವರ್ಷ ಯಾರಾದರೂ ಕೇಳಿದರೆ ಇದನ್ನೇ ಕಳಿಸಿದರಾಯಿತು.

ಮೊದಲು ಒಂದು ಗೊಂದಲ ಬಿಡಿಸೋಣ. ಬೇಸಿಗೆಯಲ್ಲಿ ಮೇಸಾ ಹತ್ತಿರ ಜನ ಟ್ಯೂಬ್ ಮೇಲೆ ಮಲಗಿ ತೇಲುತ್ತಾರಲ್ಲ, ಕಾಡುಕುದುರೆಗಳ ಫೋಟೊ ತೆಗೆಯುತ್ತಾರಲ್ಲ, ಅದು ಅಣೆಕಟ್ಟುಗಳ ಕೆಳಗಿನ ಸಾಲ್ಟ್. ನೀವು ಹೋಗುತ್ತಿರುವುದು ಗ್ಲೋಬ್ ಊರು ದಾಟಿ, ಹೈವೇ 60ರ ಸೇತುವೆ ಹತ್ತಿರದ ಮೇಲಿನ ಸಾಲ್ಟ್‌ಗೆ. ಹೆಸರು ಒಂದೇ, ಸ್ವಭಾವ ಬೇರೆ. ಅಲ್ಲಿನ ಒಂದು ರ‍್ಯಾಪಿಡ್‌ಗೆ, ಅಂದರೆ ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗಕ್ಕೆ, ಮೇಟ್ಯಾಗ್ ಅಂತ ವಾಷಿಂಗ್ ಮಷೀನ್ ಕಂಪನಿಯ ಹೆಸರಿಟ್ಟಿದ್ದಾರೆ. ಯಾಕೆ ಅಂತ ಒಳಗೆ ಬಿದ್ದವರಿಗೆ ಗೊತ್ತು.

ಈಗ ಆ ನಂಬಿಕೆ. ಊರು ಬಿಸಿ, ಹಾಗಾಗಿ ನದಿಯೂ ಬೆಚ್ಚಗಿರುತ್ತದೆ ಅನ್ನುವುದು. ಸಾಲ್ಟ್ ನದಿಯ ನೀರು ಬರುವುದು ಮರುಭೂಮಿಯಿಂದ ಅಲ್ಲ. ಪೂರ್ವದ ವೈಟ್ ಮೌಂಟನ್ಸ್ ಬೆಟ್ಟಗಳಿಂದ. ಅಲ್ಲಿನ ಮೌಂಟ್ ಬಾಲ್ಡಿ ಸುಮಾರು 3,475 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಯ ಒಂದೂಮುಕ್ಕಾಲರಷ್ಟು. ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ ಕರಗಿ, ಬ್ಲ್ಯಾಕ್ ಮತ್ತು ವೈಟ್ ಅನ್ನುವ ಎರಡು ನದಿಗಳಲ್ಲಿ ಇಳಿದು, ಅವೆರಡೂ ಸೇರಿದ ಮೇಲೆ ಸಾಲ್ಟ್ ಅನ್ನಿಸಿಕೊಂಡು ಕಣಿವೆಗೆ ನುಗ್ಗುತ್ತದೆ. ರಾಫ್ಟಿಂಗ್ ಸೀಸನ್ ಅಂದರೆ ಹಿಮ ಕರಗುವ ಸೀಸನ್. ಹಿಮ ಕಡಿಮೆ ಬಿದ್ದ ವರ್ಷ ಸೀಸನ್ನೂ ಮೊಟಕು. ದೋಣಿ ತೇಲುವಷ್ಟು ನೀರು ಇರುವುದೇ ಅದು ತಣ್ಣಗಿರುವಾಗ. ಬೆಚ್ಚಗಾಗುವ ಹೊತ್ತಿಗೆ ಬಂಡೆಗಳಷ್ಟೇ ಉಳಿದಿರುತ್ತವೆ!

ಇದು ಸಾಲ್ಟ್ ಒಂದರ ಕಥೆಯಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಜುಲೈ ಮಧ್ಯಾಹ್ನ ಗಾಳಿ 40 ಡಿಗ್ರಿ ದಾಟಿರುತ್ತದೆ, ಅಲ್ಲಿ ಹರಿಯುವ ಕೊಲೊರಾಡೊ ನದಿಯ ನೀರು ಮಾತ್ರ ಎಷ್ಟೋ ವರ್ಷ ಸುಮಾರು 8ರಿಂದ 10 ಡಿಗ್ರಿಯಲ್ಲೇ ಇತ್ತು. ಯಾಕೆಂದರೆ ಅದರ ಮೇಲ್ಭಾಗದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು, ಜಲಾಶಯ ತುಂಬಿದ್ದಾಗ, ಮೇಲ್ಮೈಯಿಂದ ಸುಮಾರು 70 ಮೀಟರ್ ಕೆಳಗಿನ ನೀರನ್ನು ಬಿಡುತ್ತದೆ. ಆ ಆಳಕ್ಕೆ ಬಿಸಿಲು ತಲುಪುವುದಿಲ್ಲ. ಇತ್ತೀಚೆಗೆ ಜಲಾಶಯ ಇಳಿದು ಬೇಸಿಗೆ ಕೊನೆಯಲ್ಲಿ ನೀರು ಸ್ವಲ್ಪ ಬೆಚ್ಚಗಾಗಿದೆ, ಆದರೆ ಸ್ನಾನದ ನೀರಂತೂ ಆಗಿಲ್ಲ.

ದಾಂಡೇಲಿಯದ್ದೂ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರೇ ಅಲ್ವಾ ಅನ್ನಬಹುದು. ಹೌದು. ಆದರೆ ಕಾಳಿ ನದಿಯ ಮೇಲೆ ಎಲ್ಲೂ ಹಿಮ ಬೀಳುವುದಿಲ್ಲ ಸ್ವಾಮಿ.

ಈಜು ಬರುತ್ತದೆ ಅನ್ನುವ ಧೈರ್ಯಕ್ಕೂ ಇಲ್ಲೇ ಉತ್ತರ ಇದೆ. ಕೊರೆಯುವ ನೀರಿಗೆ ಬಿದ್ದ ತಕ್ಷಣ ದೇಹ ಗಕ್ಕನೆ ಉಸಿರು ಎಳೆದುಕೊಳ್ಳುತ್ತದೆ, ನೀವು ಬೇಡವೆಂದರೂ. ಆಗ ಬಾಯಿ ನೀರೊಳಗಿದ್ದರೆ ನೀರೇ ಒಳಗೆ. ಮೊದಲ ಒಂದು ನಿಮಿಷ ಈ ಏದುಸಿರು. ಅದು ಕಳೆದರೆ ಸುಮಾರು ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ, ಆಮೇಲೆ ಕೇಳುವುದಿಲ್ಲ. ಮೈಯೊಳಗಿನ ಶಾಖ ಅಪಾಯದ ಮಟ್ಟಕ್ಕೆ ಇಳಿಯಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಂದರೆ ಹೆಚ್ಚಿನವರು ಚಳಿಗೆ ಸಾಯುವ ಮೊದಲೇ ಈಜಲಾಗದೆ ಮುಳುಗುತ್ತಾರೆ. ನಿಮ್ಮ ಈಜು ಹತ್ತು ನಿಮಿಷದ್ದು, ಲೈಫ್ ಜಾಕೆಟ್ ಆಮೇಲೂ ಇರುತ್ತದೆ. ಅದರ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿ, ಫೋಟೊಗೋಸ್ಕರ ಸಡಿಲ ಮಾಡಬೇಡಿ.

ನಮ್ಮ ರಾಫ್ಟಿನಲ್ಲಿ ಒಬ್ಬ ದಾವಣಗೆರೆ ಹುಡುಗ ಇದ್ದ. ಚಿಕ್ಕಂದಿನಿಂದ ಬಾವಿಗೆ ಹಾರಿ ಈಜಿದವನು. ಹತ್ತಿ ಟೀ ಶರ್ಟ್, ಚಡ್ಡಿ, ಮೇಲೊಂದು ಲೈಫ್ ಜಾಕೆಟ್. ಒಂದು ಅಲೆಗೆ ರಾಫ್ಟ್ ಓರೆಯಾಯಿತು, ಇವನು ಹೊರಗೆ. ನೀರಲ್ಲಿದ್ದದ್ದು ಬಹಳವೆಂದರೆ ನಾಲ್ಕು ನಿಮಿಷ. ಎಸೆದ ಹಗ್ಗ ಸರಿಯಾಗಿ ಅವನ ಎದೆ ಮೇಲೇ ಬಿತ್ತು, ಆದರೆ ಬೆರಳು ಮಡಚಲಿಲ್ಲ. ಕೊನೆಗೆ ಹಗ್ಗವನ್ನು ಕಂಕುಳಲ್ಲಿ ಒತ್ತಿಕೊಂಡು ಬಂದ. ದಡದಲ್ಲಿ 27 ಡಿಗ್ರಿ ಬಿಸಿಲಿನಲ್ಲಿ ಕೂತು ಅರ್ಧ ಗಂಟೆ ನಡುಗಿದ. ಪುಳಿಯೋಗರೆ ಡಬ್ಬಿ ಕೊಟ್ಟರೆ ಮುಚ್ಚಳ ತೆಗೆಯಲು ಆಗಲಿಲ್ಲ, ನಾನೇ ತೆಗೆದುಕೊಟ್ಟೆ. ಮುಂದಿನ ವರ್ಷ ವೆಟ್‌ಸೂಟ್ ಬಾಡಿಗೆಗೆ ಮೊದಲು ದುಡ್ಡು ಕಳಿಸಿದವನು ಅವನೇ.

ಉಳಿದದ್ದು ಬೇಗ ಹೇಳುತ್ತೇನೆ. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಗೆ ಅಂಟಿ ಚಳಿ ಹೆಚ್ಚಿಸುತ್ತದೆ. ಹವಾಯಿ ಚಪ್ಪಲಿಯೂ ಬೇಡ. ಬಿದ್ದರೆ ಅಂಗಾತ ತೇಲಿ, ಕಾಲು ಹರಿವಿನ ಕಡೆ, ಕಾಲ್ಬೆರಳುಗಳು ನೀರಿನ ಮೇಲೆ. ಎದ್ದು ನಿಲ್ಲಲು ಹೋಗಬೇಡಿ, ಕಾಲು ಬಂಡೆಗಳ ನಡುವೆ ಸಿಕ್ಕರೆ ನೀರು ಮೈಯನ್ನು ಮುಂದಕ್ಕೆ ಮಗುಚಿ ಹಾಕುತ್ತದೆ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಒಯ್ಯಿರಿ. ನದಿಗೆ ಸುಮ್ನೆ ಸಾಲ್ಟ್ ಅಂತ ಹೆಸರಿಟ್ಟಿಲ್ಲ, ದಾರಿಯಲ್ಲಿ ಉಪ್ಪಿನ ಬುಗ್ಗೆಗಳು ಸೇರುತ್ತವೆ. ಆ ಉಪ್ಪಿನ ದಡಗಳು ಅಲ್ಲಿನ ಮೂಲನಿವಾಸಿಗಳಾದ ಅಪಾಚೆ ಜನರಿಗೆ ಪವಿತ್ರ, ಅಲ್ಲಿ ಇಳಿಯುವಂತಿಲ್ಲ. ನದಿಯ ಈ ಭಾಗ ಅವರ ನೆಲ, ಅವರ ಪರ್ಮಿಟ್ ಇಲ್ಲದೆ ಹೋಗಬೇಡಿ. ಒಂದು ದಿನದ ಟ್ರಿಪ್ ಆದರೆ ಕರೆದೊಯ್ಯುವವರೇ ನೋಡಿಕೊಳ್ಳುತ್ತಾರೆ, ಆದರೂ ಕೇಳಿ ಖಾತ್ರಿ ಮಾಡಿಕೊಳ್ಳಿ. ಸ್ವಂತ ರಾಫ್ಟಿನಲ್ಲಿ ಕೆಳಗಿನ ವೈಲ್ಡರ್ನೆಸ್ ಕಣಿವೆಗೆ ಹೋಗುವ ಆಸೆಯಿದ್ದರೆ ಮಾರ್ಚ್ 1ರಿಂದ ಮೇ 15ರವರೆಗೆ ಅರಣ್ಯ ಇಲಾಖೆಯ ಲಾಟರಿ ಪರ್ಮಿಟ್ ಬೇರೆ ಬೇಕು. ಅಲ್ಲಿ ಕ್ವಾರ್ಟ್‌ಜೈಟ್ ಫಾಲ್ಸ್ ಅಂತ ಒಂದು ಭಯಂಕರ ಜಾಗ ಇತ್ತು. 1993ರಲ್ಲಿ ಕೆಲವರು ಡೈನಮೈಟ್ ಇಟ್ಟು ಅದನ್ನೇ ಒಡೆದುಹಾಕಿ, ಅಪಾಯ ತಪ್ಪಿಸಲು ಮಾಡಿದೆವು ಅಂದರು. ಕೋರ್ಟು ಒಪ್ಪಲಿಲ್ಲ. ಪರ್ಮಿಟ್ ಸಿಕ್ಕಿತೆಂದು ದಾಂಡೇಲಿ ಅನುಭವ ನಂಬಿಕೊಂಡು ಗೈಡ್ ಇಲ್ಲದೆ ಇಳಿಯಬೇಡಿ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಯಾರೂ ಕೇಳುವುದಿಲ್ಲ. ನದಿಯಲ್ಲಿ ಇವತ್ತು ನೀರೆಷ್ಟು? ಸೇತುವೆ ಹತ್ತಿರ ಅಮೆರಿಕದ ಭೂವಿಜ್ಞಾನ ಸರ್ವೆಯ ಅಳತೆ ಕೇಂದ್ರ ಇದೆ, ಕ್ರೈಸೊಟೈಲ್ ಅನ್ನುವ ಹೆಸರಲ್ಲಿ ಹುಡುಕಿ. ಅಲ್ಲಿ ಸಿಎಫ್‌ಎಸ್ ಅಂತ ಬರೆದಿರುತ್ತದೆ. ಹೆದರಬೇಡಿ, ಅದು ನಮ್ಮ ಕ್ಯೂಸೆಕ್ಕೇ! ಕೆಆರ್‌ಎಸ್ ಸುದ್ದಿಯಲ್ಲಿ ಚಿಕ್ಕಂದಿನಿಂದ ಓದಿದ್ದು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಸಾವಿರ ಕ್ಯೂಸೆಕ್ ಅಂದರೆ ಬೆಂಗಳೂರಿನ 12,000 ಲೀಟರ್ ಟ್ಯಾಂಕರ್ ಪ್ರತಿ ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ ನಿಮ್ಮ ಪಕ್ಕ ಸುರಿದ ಹಾಗೆ. 

ನಮ್ಮವರು ಇಲ್ಲೇ ಎಡವುತ್ತಾರೆ. ಕಾವೇರಿಗೆ ಐವತ್ತು ಸಾವಿರ ಕ್ಯೂಸೆಕ್ ಬಿಟ್ಟ ಸುದ್ದಿ ಕೇಳಿದ ಕಿವಿಗೆ ಸಾವಿರ ಅಂದರೆ ಚರಂಡಿ ನೀರು ಅನ್ನಿಸುತ್ತದೆ. ಕಾವೇರಿಗೆ ಹರಡಿಕೊಳ್ಳಲು ಜಾಗ ಇದೆ. ಇದು ಇಕ್ಕಟ್ಟು ಕಣಿವೆ, ಬಂಡೆಗಳ ನಡುವೆ ಅಷ್ಟೇ ನೀರು ರಾಫ್ಟನ್ನು ಎತ್ತಿ ಎಸೆಯುತ್ತದೆ. ನೀರು ತೀರಾ ಕಡಿಮೆ ಇದ್ದರೂ ಕಷ್ಟವೇ, ರಾಫ್ಟ್ ಬಂಡೆಗೆ ಒರಗಿ ಸಿಕ್ಕಿಕೊಳ್ಳುತ್ತದೆ. ಒಂದು ದಿನದ ಸಂಖ್ಯೆ ನೋಡಿ ಪ್ರಯೋಜನವಿಲ್ಲ, ಹಿಂದಿನ ಐದಾರು ದಿನದ ಗೆರೆ ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ. ಬೆಟ್ಟದಲ್ಲಿ ಹಿಮದ ಮೇಲೆ ಮಳೆ ಬಿದ್ದರೆ ಕಣಿವೆಯಲ್ಲಿ ಬಿಸಿಲಿದ್ದರೂ ಗೆರೆ ನೆಟ್ಟಗೆ ಮೇಲೇಳುತ್ತದೆ. ಹೊರಡುವ ಹಿಂದಿನ ರಾತ್ರಿ ಹಾಗೆ ಕಂಡರೆ ಟ್ರಿಪ್ ನಡೆಸುವವರಿಗೆ ಫೋನ್ ಮಾಡಿ ಕೇಳಿ. ನನಗಲ್ಲ, ನಾನು ಮಲಗಿರುತ್ತೇನೆ.