ಬೆಂಕಿ ಬಿದ್ದಿಲ್ಲ, ಆದರೂ ಆ ಪರದೆ ಯಾಕೆ ಇಳಿಯಿತು?

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಒಂದು ನಾಟಕ ನೋಡಿದೆವು. ಇಂಟರ್ವಲ್‌ನಲ್ಲಿ 'ಸೇಫ್ಟಿ ಕರ್ಟನ್' ಎಂದು ಬರೆದಿದ್ದ ಗೋಡೆಯಂಥದ್ದು ರಂಗದ ಮುಂದೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮೇಲೆ ಹೋಯಿತು. ಬೆಂಕಿಯೇ ಬಿದ್ದಿರಲಿಲ್ಲವಲ್ಲ, ಸುಮ್ನೆ ಯಾಕೆ ಇಳಿಸಿದರು?

ಉತ್ತರ: ಅದು ಸರಿಯಾಗಿ ಇಳಿಯುತ್ತದೆ ಅಂತ ನಿಮ್ಮ ಕಣ್ಣೆದುರೇ ತೋರಿಸಿದರು. ಪ್ರತಿ ಪ್ರದರ್ಶನದಲ್ಲೂ ಒಮ್ಮೆ ಪ್ರೇಕ್ಷಕರ ಮುಂದೆ ಅದನ್ನು ಇಳಿಸುವುದು ಅಲ್ಲಿನ ಹಳೆಯ ಕಟ್ಟಳೆ. ಐಸ್‌ಕ್ರೀಂ ತಿನ್ನುತ್ತಾ ಕೂತವರು ತಲೆ ಎತ್ತಿ ನೋಡುವುದು ಕಡಿಮೆ. ನೀವು ನೋಡಿ ಕೇಳಿದ್ದು ಸಂತೋಷ.

ನಾಟಕ ಆಡುವ ಕಟ್ಟಡದಲ್ಲಿ ಬೆಂಕಿಗೆ ಮೇವು ಜಾಸ್ತಿ ಇರುವುದು ರಂಗದ ಕಡೆಗೇ. ನಮಗೆ ಕಾಣದ ಹಾಗೆ ಮೇಲ್ಗಡೆ ಬಣ್ಣದ ಪರದೆಗಳು, ಮರದ ಚೌಕಟ್ಟು, ಹಗ್ಗ, ಕಾದ ದೀಪಗಳು ನೇತಾಡುತ್ತಿರುತ್ತವೆ. ಒಂದು ಕಿಡಿ ಸಾಕು. ಆಗ ಈ ಪರದೆ ಇಳಿದು ರಂಗವನ್ನೂ ಸಭಾಂಗಣವನ್ನೂ ಬೇರೆ ಮಾಡುತ್ತದೆ. ರಂಗದ ಮೇಲಿನ ಕಿಂಡಿಗಳು ತೆರೆದು ಹೊಗೆ ಆಕಾಶಕ್ಕೆ ಹೋಗುತ್ತದೆ. ಹಿಡಿ ಎಳೆದರೆ ಪರದೆ ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಕರೆಂಟ್ ಹೋದರೂ ನಿಲ್ಲಬಾರದು, ಅಲ್ವಾ? 30 ಸೆಕೆಂಡಿನೊಳಗೆ ನೆಲ ಮುಟ್ಟಬೇಕು.

ಹಾಗಿದ್ದರೆ ದಿನಾ ಯಾಕೆ? ಪರದೆ ಇದ್ದೂ ಜನ ಸತ್ತಿದ್ದಾರೆ, ಅದಕ್ಕೆ. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್‌ಥಿಯೇಟರ್ ಹೊತ್ತಿಕೊಂಡಾಗ ಅಲ್ಲಿ ಕಬ್ಬಿಣದ ಪರದೆ ಇತ್ತು. ಅದನ್ನು ಇಳಿಸಲೇ ಇಲ್ಲ. ನೂರಾರು ಜನ ಸತ್ತರು. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾ ಥಿಯೇಟರಿನಲ್ಲಿ ಮಧ್ಯಾಹ್ನದ ಆಟ. ಶಾಲೆಗೆ ರಜೆ, ಎಲ್ಲೆಲ್ಲೂ ತಾಯಂದಿರು, ಮಕ್ಕಳು. ದೀಪದ ಕಿಡಿ ಬಟ್ಟೆಗೆ ತಾಗಿತು. ಕಲ್ನಾರಿನ ಪರದೆ ಇಳಿಯತೊಡಗಿ ಅರ್ಧದಲ್ಲೇ ಸಿಕ್ಕಿಕೊಂಡಿತು. ನಟರು ಓಡಲು ಹಿಂಬಾಗಿಲು ತೆಗೆದರು. ಗಾಳಿ ನುಗ್ಗಿತು. ಪರದೆಯ ಕೆಳಗಿನ ಸಂದಿಯಿಂದ ಬೆಂಕಿ ಸಭಾಂಗಣಕ್ಕೆ ಹಾರಿತು. ಸತ್ತವರು 600ಕ್ಕೂ ಜಾಸ್ತಿ. ಕಟ್ಟಡ ಶುರುವಾಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಬೆಂಕಿ ತಾಗದ ಕಟ್ಟಡ ಅಂತಲೇ ಜಾಹೀರಾತು ಕೊಟ್ಟಿದ್ದರು.

ಆ ಪರದೆ ಬಂದು ಕೂರುವ ಜಾಗದಲ್ಲಿ ಒಂದು ಕುರ್ಚಿಯನ್ನೂ ಇಡಬಾರದು. ಇಟ್ಟರೆ ಅಷ್ಟೇ ಎತ್ತರದ ಸಂದಿ ಉಳಿಯುತ್ತದೆ. ದಿನಾ ಇಳಿಸಿದರೆ ಇಂಥದ್ದೆಲ್ಲ ಆಗಲೇ ಗೊತ್ತಾಗುತ್ತದೆ.

ಎಡಿನ್‌ಬರೋದಲ್ಲಿ 1911ರ ಮೇ 9ರಂದು ಲಫಾಯೆಟ್ ಎಂಬ ಜಾದೂಗಾರನ ಪ್ರದರ್ಶನದಲ್ಲಿ ಬೆಂಕಿ ಬಿತ್ತು. ಜನ ಅದೂ ಜಾದೂ ಅಂದುಕೊಂಡು ಕೂತಿದ್ದರು. ಪರದೆ ಇಳಿಸಿದರು, ವಾದ್ಯದವರು ರಾಷ್ಟ್ರಗೀತೆ ನುಡಿಸಿದರು. ಜನ ಎದ್ದು ನಿಂತರು, ಹಾಗೇ ಹೊರಗೆ ನಡೆದರು. ಸುಮಾರು 3,000 ಪ್ರೇಕ್ಷಕರು ಬದುಕಿದರು. ಆದರೆ ರಂಗದ ಕಡೆ ಇದ್ದ ಕೆಲವರು ಸತ್ತರು, ಲಫಾಯೆಟ್ ಕೂಡ.

ಇದನ್ನು ನಾನು ಒತ್ತಿ ಹೇಳಬೇಕು. ಈ ಪರದೆ ಕಾಯುವುದು ಕೂತು ನೋಡುವವರನ್ನು. ಬಣ್ಣ ಹಚ್ಚಿಕೊಂಡವರು, ದೀಪ ಹಿಡಿದವರು, ಹಗ್ಗ ಎಳೆಯುವವರು ಅದರ ಆಚೆ ಇರುತ್ತಾರೆ. ಅವರಿಗೆ ಬೇಕಾದದ್ದು ಬೇರೆ ಬಾಗಿಲು. ನಮ್ಮೂರ ರಂಗಮಂದಿರಗಳಲ್ಲೂ ಅಷ್ಟೇ. ಸೈಡ್‌ವಿಂಗ್ ಹಿಂದಿನ ಬಾಗಿಲಿಗೆ ಹಳೇ ಸೆಟ್ಟು, ಮುರಿದ ಕುರ್ಚಿ ಅಡ್ಡ ಇಟ್ಟಿದ್ದರೆ, ನಾಟಕ ಶುರುವಾಗುವ ಮೊದಲು ಅದನ್ನು ತೆಗೆಸಿ.